ಗೆರೆ ಕೂಡಿಸುವ ಗುರುವಾರಗಳು

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಚಾವಡಿಯನ್ನು ಕತ್ತಲು ಮಾಡುತ್ತಿದ್ದೆವು. ಚಾವಡಿ ಎಂದರೆ ಎದುರಿನ ದೊಡ್ಡ ಕೋಣೆ. ಬಂದವರು ಕೂರುವುದು, ಅಜ್ಜಿ ಮಲಗುವುದು, ನಾನು ಓದುವುದು ಎಲ್ಲ ಅಲ್ಲಿಯೇ. ರಸ್ತೆಯ ಕಡೆಯ ಕಿಟಕಿಗಳನ್ನು ಮುಚ್ಚಿ, ಹಲಗೆಗಳ ಸಂದಿಗೆ ಗೋಣಿಚೀಲ ತೂಗಿಸುವವಳು ಅಮ್ಮ. ಮಾಡಿನ ಹೆಂಚುಗಳ ನಡುವೆ ಬೆಳಕಿಗೆಂದು ಕೂರಿಸಿದ್ದ ಒಂದು ಗಾಜಿನ ಹೆಂಚಿತ್ತು. ಅಪ್ಪನ ಹಳೆಯ ಖಾಕಿ ಅಂಗಿಯೊಂದನ್ನು ಕಾಯಿ ಕೀಳುವ ದೋಟಿಯ ತುದಿಯಲ್ಲಿ ಎತ್ತಿ, ಆ ಹೆಂಚು ಮುಚ್ಚುವ ಹಾಗೆ ಪಕಾಸಿನ ಮರಕ್ಕೆ ಸಿಕ್ಕಿಸುವುದು ನನ್ನ ಕೆಲಸ. ಹೊರಗೆ ನಮ್ಮೂರು ಕಾಪುವಿನ ಬಿಸಿಲು ಉರಿಯುತ್ತಿರುವಾಗ ಒಳಗೆ ನಾವು ನಾಲ್ವರು ಕತ್ತಲಲ್ಲಿ ಕೂತು ಟಿವಿಯ ಕಡೆ ನೋಡುತ್ತಿದ್ದೆವು. ಆಗ ಅದರಲ್ಲಿ ಯಾವ ಕಾರ್ಯಕ್ರಮವೂ ಇರುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಅಡ್ಡ ಮತ್ತು ಉದ್ದ ಬಿಳಿಯ ಗೆರೆಗಳು, ಅವುಗಳ ನಡುವೆ ಚೌಕಗಳು, ಅಷ್ಟೇ. ಒಂದು ಚಿತ್ರ ಚೆನ್ನಾಗಿ ಕಾಣಬೇಕಾದರೆ ಮೊದಲು ಆ ಗೆರೆಗಳು ನೇರವಾಗಿರಬೇಕು ಎಂದು ನಾನು ಕಲಿತದ್ದು ಆ ಕತ್ತಲಲ್ಲಿ. ಗೆರೆ ನೇರವಾಗಿದೆ ಎಂದು ಹೇಳಬೇಕಾದವರು ಯಾರು ಎಂಬುದನ್ನು ಕಲಿತದ್ದೂ ಅಲ್ಲಿಯೇ. ಅದನ್ನು ನಿಧಾನವಾಗಿ, ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ನಮ್ಮ ಮನೆಯ ಮಾತು ತುಳು. ಅಂದಿನ ಮಾತುಗಳನ್ನು ನನಗೆ ತಿಳಿದ ಹಾಗೆ ಕನ್ನಡಕ್ಕೆ ತಂದಿದ್ದೇನೆ.

ಅಪ್ಪ ಬಸ್ ಡ್ರೈವರ್. ಕಾಪುವಿನಿಂದ ಹೊರಟು ಉಡುಪಿ, ಮಣಿಪಾಲ, ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗಿ ಬರುವ ಖಾಸಗಿ ಬಸ್ಸು ಅವನದು. ಅಂದರೆ ಬಸ್ಸು ಧಣಿಗಳದು, ಸ್ಟೇರಿಂಗ್ ಅವನದು. ಗುರುವಾರ ಅವನಿಗೆ ರಜೆ. ಟಿವಿಯ ಸುದ್ದಿ ತಂದವನು ಅದೇ ಬಸ್ಸಿನ ಕಂಡಕ್ಟರ್ ವಸಂತ. ಮಣಿಪಾಲದ ಒಂದು ಲಾಡ್ಜಿನವರು ಗೋಡೆಗೆ ತೂಗಿಸುವ ತೆಳ್ಳಗಿನ ಟಿವಿ ಹಾಕಿಸಿಕೊಂಡಿದ್ದರು. ಊಟದ ಕೋಣೆಯಲ್ಲಿದ್ದ ಹಳೆಯ ಪ್ರೊಜೆಕ್ಷನ್ ಟಿವಿಯನ್ನು ಯಾರಾದರೂ ಹೊತ್ತುಕೊಂಡು ಹೋದರೆ ಸಾಕಾಗಿತ್ತು ಅವರಿಗೆ. ಮಣಿಪಾಲದಲ್ಲಿ ಮೀನು ಇಳಿಸಿ ಖಾಲಿಯಾಗಿದ್ದ ಮಲ್ಪೆಯ ಟೆಂಪೋದಲ್ಲಿ ಅದು ನಮ್ಮ ಅಂಗಳಕ್ಕೆ ಬಂತು. ನನ್ನ ಭುಜದಷ್ಟು ಎತ್ತರ, ಕೆಳಗೆ ಚಕ್ರ, ಮುಂದೆ ಮಂಕಾದ ದೊಡ್ಡ ಪರದೆ, ಮೈಯೆಲ್ಲ ಬೂತಾಯಿ ಮೀನಿನ ವಾಸನೆ. ಎದುರಿನ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಸುತ್ತು ಬಳಸಿ ಅಡಿಗೆಮನೆಯ ಮೂಲಕ, ಒಲೆಯ ಪಕ್ಕದಲ್ಲೇ ಅದನ್ನು ಒಳಗೆ ತಳ್ಳಿದರು.

"ಟಿವಿ ತರ್ತೇನೆ ಅಂದವ ಕಪಾಟು ತಂದಿದ್ದೀಯಲ್ಲ ಮಗಾ," ಎಂದಳು ಅಜ್ಜಿ. ಅವಳು ಅಪ್ಪನ ತಾಯಿ. "ಇದರ ಬಾಗಿಲು ಎಲ್ಲಿ ಉಂಟು?"

"ಬಾಗಿಲಿಲ್ಲ ಅಮ್ಮ. ಒಳಗೆ ಕನ್ನಡಿ ಉಂಟು."

"ಕನ್ನಡಿ ಒಳಗಿಟ್ಟರೆ ಎಂತ ಪ್ರಯೋಜನ? ಮುಖ ನೋಡಿಕೊಳ್ಳುವುದು ಹೇಗೆ?"

"ಅಜ್ಜಿ, ಇದು ನಿಮ್ಮ ಮುಖ ನೋಡ್ಲಿಕ್ಕೆ ಅಲ್ಲ," ಎಂದ ವಸಂತ, ಅಂಗಿಯಲ್ಲಿ ಬೆವರು ಒರೆಸಿಕೊಳ್ಳುತ್ತ. "ಲೋಕದವರ ಮುಖ ನೋಡ್ಲಿಕ್ಕೆ. ನಿಮ್ಮದನ್ನು ನಾವು ದಿನಾ ನೋಡ್ತೇವಲ್ಲ."

ಮರುದಿನ ಉಡುಪಿಯಿಂದ ರಿಪೇರಿಯ ಉಮೇಶ ಬಂದ. ಬಾಯಿತುಂಬ ಮಾತಿನ ಮನುಷ್ಯ. ಹಿಂದಿನ ಹಲಗೆ ಬಿಚ್ಚಿ ನಮಗೆಲ್ಲ ಒಳಗನ್ನು ತೋರಿಸಿದ. ಕೆಳಗೆ ಸಾಲಾಗಿ ಮೂರು ದೊಡ್ಡ ಕೊಳವೆಗಳು ಮೇಲಕ್ಕೆ ಬಾಯಿ ತೆರೆದು ನಿಂತಿದ್ದವು: ಒಂದು ಕೆಂಪು ಬೆಳಕಿನದು, ಒಂದು ಹಸಿರಿನದು, ಒಂದು ನೀಲಿಯದು. ಅವು ಮೇಲಿನ ವಾರೆ ಕನ್ನಡಿಗೆ ಬೆಳಕು ಎಸೆಯುತ್ತವೆ, ಕನ್ನಡಿ ಅದನ್ನು ಪರದೆಯ ಬೆನ್ನಿಗೆ ಎಸೆಯುತ್ತದೆ. ಅಂದರೆ ಅದರಲ್ಲಿ ಮೂರು ಚಿತ್ರಗಳಿವೆ. ಮೂರೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತರೆ ಮಾತ್ರ ನಮಗೆ ಒಂದು ಚಿತ್ರ ಕಾಣುತ್ತದೆ. ಕೂರದಿದ್ದರೆ ಮನುಷ್ಯನ ಒಂದು ಅಂಚು ಕೆಂಪು, ಇನ್ನೊಂದು ನೀಲಿ. ಲಾಡ್ಜಿನ ಬೀಡಿ ಸಿಗರೇಟಿನ ಹೊಗೆ ಕನ್ನಡಿಯ ಮೇಲೆ ಕಂದು ಬಣ್ಣದ ಪೊರೆಯಾಗಿ ಕೂತಿತ್ತು. ಉಮೇಶ ಅದನ್ನು ಮೆತ್ತಗಿನ ಹತ್ತಿಯಿಂದ, ಉಸಿರು ಬಿಗಿಹಿಡಿದು, ಒರೆಸಿದ. ಜೋರಾಗಿ ಒರೆಸಿದರೆ ಕನ್ನಡಿಯ ಮೈಯೇ ಎದ್ದುಬರುತ್ತದಂತೆ. ಮೂಲೆಯಲ್ಲಿದ್ದ ಹಲ್ಲಿಮೊಟ್ಟೆಗಳನ್ನು ಅಜ್ಜಿಯ ಕೈಗೇ ಕೊಟ್ಟ.

ಆಮೇಲೆ ಅವನು ಅಪ್ಪನನ್ನು ಎದುರು ಕೂರಿಸಿಕೊಂಡು ಆ ಗೆರೆಗಳನ್ನು ಪರದೆಯ ಮೇಲೆ ತರುವ ಗುಟ್ಟನ್ನು ಹೇಳಿಕೊಟ್ಟ. ರಿಮೋಟಿನ ಕೆಲವು ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಬೇಕು. ಮೊದಲು ಅರ್ಧ ಗಂಟೆ ಟಿವಿ ಬಿಸಿಯಾಗಬೇಕು, ತಣ್ಣಗಿರುವಾಗ ಕೂಡಿಸಿದ್ದು ಬಿಸಿಯಾದಾಗ ಬಿಟ್ಟುಹೋಗುತ್ತದೆ. ಹಸಿರನ್ನು ಮೊದಲು ನೇರ ಮಾಡಬೇಕು, ಆಮೇಲೆ ಕೆಂಪನ್ನೂ ನೀಲಿಯನ್ನೂ ಹಸಿರಿನ ಮೇಲೆ ತಂದು ಕೂರಿಸಬೇಕು. ಬಣ್ಣದ ಹೊಳಪು ತಗ್ಗಿಸಿಯೇ ಇಡಬೇಕು, ಇಲ್ಲದಿದ್ದರೆ ಕೊಳವೆ ಸುಡುತ್ತದೆ. ಉಮೇಶ ಇದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದ. ನಮ್ಮ ಮನೆಯಲ್ಲಿ ಅದು 'ಗೆರೆ ಕೂಡಿಸುವುದು' ಎಂದಾಯಿತು. ಇನ್ನೊಂದು ವಿಚಿತ್ರವಿತ್ತು. ಆ ಪರದೆ ಎದುರು ನೇರ ಕೂತವರಿಗೆ ಮಾತ್ರ ಬೆಳಕು ಕೊಡುತ್ತಿತ್ತು. ಎದ್ದು ನಿಂತರೆ ಚಿತ್ರ ಕಪ್ಪಾಗುತ್ತಿತ್ತು, ಪಕ್ಕಕ್ಕೆ ಸರಿದರೆ ಮಂಕು. ಅಜ್ಜಿಗೆ ಮಂಡಿನೋವು, ನೆಲದಲ್ಲಿ ಕೂರಲಾರಳು. ಅವಳ ಕುರ್ಚಿಯ ಎತ್ತರಕ್ಕೆ ಸರಿಯಾಗಲೆಂದು ಅಪ್ಪ ಟಿವಿಯ ಕೆಳಗೆ ಕೆಂಪುಕಲ್ಲು ಇಟ್ಟ. ಕುರ್ಚಿಯಲ್ಲಿ ಅಜ್ಜಿ, ಅವಳ ಅಕ್ಕಪಕ್ಕ ಬೆಂಚಿನ ಮೇಲೆ ನಾವು, ಹೀಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರೆ ಎಲ್ಲರಿಗೂ ಸಮ ಕಾಣುತ್ತಿತ್ತು. ಜಗಳವಾಡಿದ ದಿನವೂ ಹಾಗೆಯೇ ಕೂರಬೇಕಾಗುತ್ತಿತ್ತು. ದೂರ ಕೂತವರಿಗೆ ಚಿತ್ರವಿಲ್ಲ.

ಆ ವರ್ಷದ ಬೇಸಿಗೆಯಷ್ಟು ಒಳ್ಳೆಯ ಚಿತ್ರ ನಾನು ಮತ್ತೆಲ್ಲೂ ನೋಡಿಲ್ಲ. ಅಪ್ಪ ಗುರುವಾರಗಳಲ್ಲಿ ಗೆರೆ ಕೂಡಿಸುತ್ತಿದ್ದ. ಒಂದೊಂದು ಚೌಕದ ಮೂಲೆಗೂ ಹೋಗಿ, ಕೆಂಪು ನೀಲಿಗಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಮೂರನ್ನೂ ಬೆಳ್ಳಗೆ ಮಾಡುತ್ತಿದ್ದ. ಅಮ್ಮ ಅದೇ ಕತ್ತಲಲ್ಲಿ, ಮಾರಲಿಕ್ಕೆಂದು, ಮಲ್ಲಿಗೆ ಕಟ್ಟುತ್ತಿದ್ದಳು. ನಮ್ಮ ಹಿತ್ತಿಲಿನ ಗಿಡಗಳ ಮೊಗ್ಗು, ನೆನೆಸಿದ ಬಾಳೆನಾರು. ಅವಳಿಗೆ ಬೆಳಕು ಬೇಕಿರಲಿಲ್ಲ. ಟಿವಿಯ ಮೆಲ್ಲಗಿನ ಗುಂಯ್ ಶಬ್ದ, ನಾರು ಎಳೆಯುವ ಸದ್ದು, ಅಜ್ಜಿಯ ಗೊರಕೆ. ಕೊನೆಗೆ ಗೆರೆಗಳನ್ನು ಆರಿಸಿ ಅಪ್ಪ ಯಾವುದಾದರೂ ಚಾನೆಲ್ ಹಾಕುತ್ತಿದ್ದ. ಆಗ ಒಂದು ಹಸಿರು ಗದ್ದೆಯೋ ಯಾರದೋ ಮುಖವೋ ಕೋಣೆ ತುಂಬ ನಿಲ್ಲುತ್ತಿತ್ತು. ಅಪ್ಪ ನಮ್ಮ ಕಡೆ ತಿರುಗಿ ಏನೂ ಕೇಳುತ್ತಿರಲಿಲ್ಲ. ಬಸ್ಸನ್ನು ಇಕ್ಕಟ್ಟಿನಲ್ಲಿ ಹಿಂದೆ ತೆಗೆದು ನಿಲ್ಲಿಸಿದ ಮೇಲೆ ಇರುವ ಮುಖವೇ ಇರುತ್ತಿತ್ತು.

ಮಳೆ ಹಿಡಿದ ಮೇಲೆ ಒಂದು ಗುರುವಾರ ಅಪ್ಪ ಗೆರೆಗಳ ಎದುರು ಬಹಳ ಹೊತ್ತು ರಿಮೋಟ್ ಒತ್ತದೆ ಕೂತ.

"ನಡುವೆ ತಗ್ಗಿದೆ," ಎಂದ.

"ಎಲ್ಲಿ?" ಎಂದಳು ಅಮ್ಮ.

"ಇಗೋ ಇಲ್ಲಿ. ಗೆರೆ ಒಳಗೆ ಹೋಗಿದೆ. ಬಾಣಲೆಯ ಹಾಗೆ."

ನಾನು ನೋಡಿದೆ. ನನಗೆ ಗೆರೆಗಳು ನೇರವಾಗಿ ಕಂಡವು. ಹೇಳಿಯೂ ಬಿಟ್ಟೆ. "ಅಪ್ಪ, ನನಗೆ ನೇರವೇ ಕಾಣ್ತದೆ."

"ನಿನಗೆ ನೋಡಿ ಅಭ್ಯಾಸ ಇಲ್ಲ ಶೈಲು," ಎಂದ ಅವನು, ಬೈಯದೆ, ಮೆತ್ತಗೆ. ಹಸಿರು ಗೆರೆಯನ್ನು ನಡುವಿನಲ್ಲಿ ಮೇಲಕ್ಕೆ ಎತ್ತಿದ, ಆಮೇಲೆ ಕೆಂಪನ್ನೂ ನೀಲಿಯನ್ನೂ ಅದರ ಮೇಲೆ ಕೂರಿಸಿದ. ಕೆಲಸ ಅಚ್ಚುಕಟ್ಟಾಗಿತ್ತು, ಮೂರೂ ಬಣ್ಣ ಒಂದೇ ಗೆರೆಯಾಗಿದ್ದವು. ಆದರೆ ಆ ಗೆರೆ ಈಗ ನಡುವಿನಲ್ಲಿ ಉಬ್ಬಿತ್ತು. ಸಂಜೆ ವಾರ್ತೆ ಓದುವ ಹೆಂಗಸಿನ ಒಂದು ಕೆನ್ನೆ ದಪ್ಪವಾಗಿತ್ತು.

"ಪಾಪ, ಹಲ್ಲುನೋವು ಆಗಿರಬೇಕು ಅವಳಿಗೆ," ಎಂದಳು ಅಜ್ಜಿ. ನಾನೂ ಅಮ್ಮನೂ ನಕ್ಕೆವು. ಅಪ್ಪ ನಗಲಿಲ್ಲ. ಅವನಿಗೆ ಆ ಕೆನ್ನೆ ಸರಿಯಾಗಿಯೇ ಕಂಡಿರಬೇಕು.

ಮುಂದಿನ ವಾರ ಅಪ್ಪ ಇನ್ನೂ ಹೆಚ್ಚು ಹೊತ್ತು ಕೂತ. ಅವನು ಕಂಡದ್ದನ್ನು ಅವನ ಮಾತಿನಲ್ಲಿಯೇ ಹೇಳುತ್ತೇನೆ, ಯಾಕೆಂದರೆ ಅದನ್ನು ಅಷ್ಟು ಸರಿಯಾಗಿ ಹೇಳಿದವರನ್ನು ನಾನು ಆಮೇಲೆ ಕಂಡಿಲ್ಲ: "ಇಲ್ಲಿ ತಗ್ಗಿದೆ ಅಂತ ಇಲ್ಲಿ ಎತ್ತಿದರೆ, ಪಕ್ಕದ್ದು ತಗ್ಗುತ್ತದೆ. ಪಕ್ಕಕ್ಕೆ ಹೋದರೆ, ಅದರ ಪಕ್ಕದ್ದು. ನಾನು ಎಲ್ಲಿಗೆ ಹೋಗ್ತೇನೋ ಅಲ್ಲಿಗೆ ನನಗಿಂತ ಮೊದಲೇ ಹೋಗಿ ಕೂತಿರ್ತದೆ." ಹೀಗೆ ಅವನು ತಗ್ಗನ್ನು ಪರದೆಯ ತುಂಬ ಅಟ್ಟಿಸಿಕೊಂಡು ಹೋದ. ಕತ್ತಲು ಮಾಡಿದ್ದ ಕೋಣೆಯಲ್ಲಿ ಕಿಟಕಿ ತೆಗೆದಾಗ ಹೊರಗೆ ಸಂಜೆಯಾಗಿತ್ತು. ಆ ವಾರವೆಲ್ಲ ನಾವು ನೋಡಿದ ಜನರು ಅಲೆಯ ಮೇಲೆ ನಿಂತವರ ಹಾಗೆ ಇದ್ದರು. ಬಾಗಿಲುಗಳ ಚೌಕಟ್ಟು ಹಾವಿನ ಹಾಗೆ ಹರಿದಿತ್ತು. ಧಾರಾವಾಹಿಯಲ್ಲಿ ಯಾರೋ ಸತ್ತು ಎಲ್ಲರೂ ಅಳುತ್ತಿದ್ದರೆ ಅವರ ಮೂಗುಗಳು ನೀರಿನಲ್ಲಿ ಅಲ್ಲಾಡಿದಂತೆ ಕಾಣುತ್ತಿದ್ದವು. ನಾವು ಅಂಟಿಕೊಂಡು ಕೂತು ಅದನ್ನೇ ನೋಡಿದೆವು. ಅಪ್ಪನ ಎದುರು ಯಾರೂ ಏನೂ ಹೇಳಲಿಲ್ಲ. ಹೇಳಬಾರದು ಎಂದು ಯಾರೂ ಮಾತಾಡಿಕೊಂಡದ್ದೂ ಇಲ್ಲ.

ಉಮೇಶನನ್ನು ಮತ್ತೆ ಕರೆಸಿದರು. ಅವನು ಗೆರೆಗಳನ್ನು ಮೊದಲಿನಂತೆ ನೇರ ಮಾಡಿ, "ಸರಿ ಉಂಟಲ್ಲ ಶೇಖರಣ್ಣ?" ಎಂದು ಅಪ್ಪನನ್ನು ಕೇಳಿದ.

"ಎಲ್ಲಿ ಸರಿ ಉಂಟು ಮಾರಾಯ? ನಡುವೆ ನೋಡು."

ಉಮೇಶ ಪರದೆಗೆ ಮೂಗು ತಾಗಿಸಿ ನೋಡಿದ. ತಲೆ ಕೆರೆದುಕೊಂಡ. ಗಿರಾಕಿ ಇಲ್ಲ ಎಂದರೆ ಇಲ್ಲ, ಅಷ್ಟೇ ಅವನ ಧರ್ಮ. "ಇದಕ್ಕೆ ಭೂಮಿಯ ಆಯಸ್ಕಾಂತದ ಸೆಳೆತ ಉಂಟು. ದಿಕ್ಕು ಬದಲಾಯಿಸಿ ನೋಡುವ," ಎಂದ. ಟಿವಿಗೆ ದಕ್ಷಿಣದ ಗೋಡೆ ಬೇಡವೆಂದು ಅಜ್ಜಿ ಮೊದಲೇ ಹೇಳಿದ್ದಳಂತೆ. ಈಗ ವಿಜ್ಞಾನವೂ ಅವಳ ಪಕ್ಷಕ್ಕೆ ಬಂತು. ಟಿವಿಯನ್ನು ಪೂರ್ವದ ಗೋಡೆಗೆ ತಿರುಗಿಸಿದರು. ಅಜ್ಜಿಯ ಮಂಚ ಅಡಿಗೆಮನೆಯ ಬಾಗಿಲಿಗೆ ಬಂತು, ನನ್ನ ಓದು ಜಗಲಿಗೆ ಹೋಯಿತು. ತಗ್ಗು ಹೋಗಲಿಲ್ಲ. ಆಮೇಲೆ ಉತ್ತರದ ಗೋಡೆ. ಅಲ್ಲಿಯೂ ಹೋಗಲಿಲ್ಲ. ಲಾಡ್ಜಿನಲ್ಲಿ ಎಂತೆಂಥವರು ಕೂತು ನೋಡಿದ್ದಾರೋ, ಯಾರ ದೃಷ್ಟಿ ಅಂಟಿದೆಯೋ ಎಂದು ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಈಗ ಯೋಚಿಸಿದರೆ ನಮ್ಮ ತಪ್ಪು ಬಹಳ ಸರಳವಾಗಿತ್ತು. ಅದು ಇನ್ನೊಬ್ಬರ ಮನೆಯಿಂದ ಬಂದ ವಸ್ತು. ಹೊಸ ಟಿವಿಯಾಗಿದ್ದರೆ ನಾವು ಬೇಗ ಬೇರೆ ಕಡೆ ನೋಡುತ್ತಿದ್ದೆವೋ ಏನೋ. ಹಳೆಯದರ ಮೇಲೆ ಯಾವ ದೋಷ ಹೊರಿಸಿದರೂ ಅದು ಹೊತ್ತುಕೊಳ್ಳುತ್ತದೆ. ಅಪ್ಪ ಪ್ರತಿ ಸ್ಟ್ಯಾಂಡಿನಲ್ಲಿ ಸಕ್ಕರೆ ಹಾಕಿದ ಚಾ ಕುಡಿಯುತ್ತಿದ್ದುದು, ಸಕ್ಕರೆ ಕಾಯಿಲೆಯ ಗುಳಿಗೆಗಳು ಅವನ ಖಾಕಿ ಕಿಸೆಯಲ್ಲಿ ಪುಡಿಯಾಗಿ ಬಟ್ಟೆ ಒಗೆಯುವಾಗ ಸಿಗುತ್ತಿದ್ದುದು, ಅದಕ್ಕಾಗಿ ಅಮ್ಮ ಜಗಳವಾಡುತ್ತಿದ್ದುದು ಎಲ್ಲ ಅದೇ ಮನೆಯಲ್ಲಿ ನಡೆಯುತ್ತಿತ್ತು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದವರಿಲ್ಲ.

ಕೊನೆಗೆ ಹಾಗೆ ನೋಡಿದವಳು ಅಮ್ಮ. ದಸರಾ ರಜೆಯ ಮೊದಲಿನ ಗುರುವಾರ ಅದು. ಉಮೇಶ ನೇರ ಮಾಡಿ ಹೋಗಿದ್ದ ಗೆರೆಗಳು ಪರದೆಯ ಮೇಲಿದ್ದವು, ಅಪ್ಪನ ಕೈಯಲ್ಲಿ ರಿಮೋಟ್ ಇತ್ತು. ಅಮ್ಮ ಮಲ್ಲಿಗೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ನೀರಿನ ಚಟ್ಟಿಯಿಂದ ಉದ್ದದ ಒಂದು ಬಾಳೆನಾರನ್ನು ತೆಗೆದು, ಹಿಂಡಿ, ಟಿವಿಯ ಪಕ್ಕ ನಿಂತು, ಎರಡೂ ಕೈಯಲ್ಲಿ ಅದನ್ನು ಪರದೆಯ ಅಡ್ಡಕ್ಕೆ ಎಳೆದು ಹಿಡಿದಳು. ಮನೆ ಕಟ್ಟುವವರು ಕಲ್ಲಿನ ಸಾಲಿಗೆ ದಾರ ಹಿಡಿದ ಹಾಗೆ. ಬಿಳಿಯ ಗೆರೆ ನಾರಿನ ಹಿಂದೆ ಮರೆಯಾಯಿತು. ಅಂಚಿನಿಂದ ಅಂಚಿಗೆ, ಎಲ್ಲಿಯೂ ಹೊರಗೆ ಇಣುಕಲಿಲ್ಲ. ನಾನು ಅಜ್ಜಿಯ ಕುರ್ಚಿಯ ಪಕ್ಕದಲ್ಲಿದ್ದೆ, ಚೆನ್ನಾಗಿ ನೋಡಿದ್ದೇನೆ.

"ಈಗ ನೋಡಿ," ಎಂದಳು ಅಮ್ಮ. "ಗೆರೆ ನಾರಿನ ಮೇಲೆಯೇ ಕೂತಿದೆ."

ಅಪ್ಪ ನೋಡಿದ. "ನಾರನ್ನು ಬಿಗಿ ಹಿಡಿ."

"ಬಿಗಿಯೇ ಹಿಡಿದಿದ್ದೇನೆ."

"ಇಲ್ಲ, ನಡುವೆ ಜೋತಿದೆ. ಬಿಗಿ ಹಿಡಿ ಮಾರಾಯ್ತಿ."

ಅಮ್ಮ ಎಳೆದಳು. ಅವಳ ಬೆರಳ ತುದಿಗಳು ಪರದೆಯ ಬೆಳಕಿನಲ್ಲಿ ಬಿಳಿಚಿದ್ದವು.

"ಇನ್ನೂ."

ನಾರು ತುಂಡಾಯಿತು. ಅದರ ಎರಡು ತುದಿಗಳು ಅಮ್ಮನ ಕೈಗಳಲ್ಲಿ ನೇತಾಡಿದವು. ಅಪ್ಪ ತನ್ನ ಕಣ್ಣೆದುರು ಏನೂ ಇಲ್ಲದ ಜಾಗವನ್ನೇ ನೋಡುತ್ತಿದ್ದ. ಅಜ್ಜಿ ಎಚ್ಚರವಾಗಿದ್ದಳು. ಟಿವಿಯನ್ನು ಆರಿಸುವವರೂ ಇಲ್ಲ, ಕಿಟಕಿ ತೆಗೆಯುವವರೂ ಇಲ್ಲ. ಕೊನೆಗೆ ಅಪ್ಪನೇ ಎದ್ದು, "ಬೆಳಕು ಬರಲಿ," ಎಂದು ಹೇಳಿ ಬಾವಿಕಟ್ಟೆಯ ಕಡೆ ಹೋದ.

ಸಂಜೆ ಗಂಜಿಯ ಬಟ್ಟಲಿನ ಎದುರು ಜಗಳವಾಯಿತು. ನಮ್ಮ ಮನೆಯಲ್ಲಿ ಜಗಳ ಎಂದರೆ ಕೂಗಾಟವಲ್ಲ. ಬಡಿಸುವ ಕೈ ನಿಲ್ಲುತ್ತಿತ್ತು.

"ನಾಳೆ ಬಸ್ಸಿಗೆ ಹೋಗಬೇಡಿ," ಎಂದಳು ಅಮ್ಮ.

"ಯಾಕೆ, ಟಿವಿ ಹಾಳಾದದ್ದಕ್ಕಾ?"

"ಟಿವಿ ಹಾಳಾಗಲಿಲ್ಲ."

"ರಸ್ತೆಯಲ್ಲಿ ಗೆರೆ ನೋಡಿ ಗಾಡಿ ಬಿಡುವುದಾ ನಾನು? ಆ ರಸ್ತೆ ನನ್ನ ಕೈಗೆ ಗೊತ್ತುಂಟು, ಕಾಲಿಗೆ ಗೊತ್ತುಂಟು."

"ಅಡ್ಡ ಬರುವ ಮಗು ಗೊತ್ತುಂಟಾ ಕಾಲಿಗೆ?"

ಅಜ್ಜಿ ಉಪ್ಪಿನಕಾಯಿಯ ಭರಣಿಯನ್ನು ಅಪ್ಪನ ಕಡೆ ಸರಿಸಿ, "ಒಮ್ಮೆ ಡಾಕ್ಟ್ರಿಗೆ ತೋರಿಸಿ ಬಾ ಮಗಾ," ಎಂದಳು. "ಗುರುವಾರ ನೋಡುವ," ಎಂದ ಅಪ್ಪ. ಅಂದರೆ ಮುಂದಿನ ಗುರುವಾರದವರೆಗೆ ಅವನು ಬಸ್ಸು ಬಿಡುತ್ತಾನೆ. ಕಾಪುವಿನಿಂದ ಕಾರ್ಕಳದವರೆಗೆ ಆ ರಸ್ತೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ತಿರುವುಗಳಿವೆ ಎಂದು ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಅವಳು ಬಡಿಸುವುದನ್ನು ಮುಗಿಸಿ, ತಾನು ಉಣ್ಣದೆ, ಪಾತ್ರೆ ತೊಳೆಯಲು ಹೋದಳು.

ಬೆಳಿಗ್ಗೆ ಅಪ್ಪ ಖಾಕಿ ಹಾಕಿಕೊಂಡು ಹೊರಟ. ನಾನು ಉಡುಪಿಯ ಶಾಲೆಗೆ ಅದೇ ಬಸ್ಸಿನಲ್ಲಿ ಹೋಗುವವಳು, ಡ್ರೈವರನ ಹಿಂದಿನ ಸೀಟು ನನ್ನದು. ಆ ದಿನ ಅಮ್ಮನೂ ಮಲ್ಲಿಗೆಯ ಬುಟ್ಟಿ ಹಿಡಿದು ಹತ್ತಿ ನನ್ನ ಪಕ್ಕ ಕೂತಳು. ಅಪ್ಪ ಕನ್ನಡಿಯಲ್ಲಿ ನಮ್ಮನ್ನು ನೋಡಿದನೋ ಇಲ್ಲವೋ ತಿಳಿಯಲಿಲ್ಲ. ವಸಂತ ಎಂದಿನಂತೆ ಮುಂದಿನ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ. ಅವನ ಮಾತು ನನಗೆ ರೇಡಿಯೋದ ಹಾಗೆ, ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಅಮ್ಮನ ಮುಖ ನೋಡಿದ ಮೇಲೆ ನಾನೂ ಕೇಳಿಸಿಕೊಂಡೆ.

"ಈ ಸೈಕಲಿನವನಿಗೆ ಎಡಗಡೆ ಜಾಗ ಸಾಲುವುದಿಲ್ಲವಂತೆ ನೋಡಿ ಶೇಖರಣ್ಣ... ಓ, ಲಾರಿಯಲ್ಲಿ ಬರ್ತಾ ಇರುವುದು ಯಾರದ್ದಪ್ಪ ಇಷ್ಟು ಐಸು, ನಡು ರಸ್ತೆಯಲ್ಲೇ ಬರ್ತಾನೆ... ಕಟಪಾಡಿಯಲ್ಲಿ ಎರಡು ಹೆಂಗಸರು ದಾಟ್ಲಿಕ್ಕೆ ನಿಂತಿದ್ದಾರೆ, ದಾಟ್ತಾರೋ ಮಾತಾಡ್ತಾರೋ... ಬಲಕ್ಕೆ ಉಂಟು ಜಾಗ, ಬೇಕಷ್ಟು ಉಂಟು..."

ಅವನು ರಸ್ತೆಯನ್ನು ಓದಿ ಹೇಳುತ್ತಿದ್ದ. ಬಸ್ಸಿನಲ್ಲಿ ಕೂತ ಎಲ್ಲರೂ ಅದನ್ನು ಹರಟೆ ಎಂದುಕೊಂಡಿದ್ದರು.

ಉಡುಪಿಯ ಸ್ಟ್ಯಾಂಡಿನಲ್ಲಿ ಅಪ್ಪ ಚಾ ಕುಡಿಯಲು ಇಳಿದಾಗ ಅಮ್ಮ ವಸಂತನನ್ನು ಬಸ್ಸಿನ ಹಿಂದಕ್ಕೆ ಕರೆದಳು. ನಾನು ಅವಳ ಸೆರಗಿನ ಪಕ್ಕದಲ್ಲೇ ಇದ್ದೆ.

"ಯಾವಾಗಿನಿಂದ?" ಎಂದು ಕೇಳಿದಳು.

ವಸಂತ ಚಿಲ್ಲರೆಯ ಚೀಲದ ಬಾಯಿಯನ್ನು ತೆಗೆದು ಮುಚ್ಚಿದ. "ಮಳೆ ಬಿದ್ದಾಗಿನಿಂದ ಅತ್ತಿಗೆ. ಹಿರಿಯಡ್ಕದ ಆಚೆ, ನೇರ ರಸ್ತೆಯಲ್ಲಿ, ತಿರುವು ಉಂಟು ಅಂತ ತಿರುಗಿಸಿದರು. ಆಮೇಲೆ ನಾನು ಬಾಯಿ ಮುಚ್ಚಲೇ ಇಲ್ಲ."

"ಅವರಿಗೆ ಹೇಳಲಿಲ್ವಾ?"

"ಹೇಗೆ ಹೇಳುವುದು? ನನ್ನನ್ನು ಈ ಬಸ್ಸಿಗೆ ತಂದವರೇ ಅವರು. ಧಣಿಗಳಿಗೆ ಗೊತ್ತಾದರೆ ಅವತ್ತೇ ಇಳಿಸ್ತಾರೆ. ಜನ ಕೂತಿರ್ತಾರೆ, ನೀವು ಹೇಳಿ, ಎಂತ ಮಾಡುವುದು ನಾನು? ಮಾತಾಡದಿದ್ದರೆ ಆಗುವುದಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಇಷ್ಟು ದಿನ ಗಂಟಲು ಕೆಟ್ಟಿದೆ ಎಂದು ಅವನು ಜೇಬಿನಲ್ಲಿ ಶುಂಠಿ ಇಟ್ಟುಕೊಂಡಿದ್ದುದನ್ನು ನಾನು ನೋಡಿದ್ದೆ. ಅಮ್ಮ ಹೇಳಿದಳು:

"ನಾಳೆ ಕಾಪುವಿನಲ್ಲಿ, ಗಾಡಿ ಹೊರಡುವ ಮೊದಲು, ಮಾತು ನಿಲ್ಲಿಸು. ಚಕ್ರ ಉರುಳುವ ಮೊದಲು. ಉರುಳಿದ ಮೇಲೆ ಅಲ್ಲ."

ಆ ದಿನ ಕಾರ್ಕಳಕ್ಕೆ ಹೋಗಿ ಬರುವ ಪ್ರತಿ ಟ್ರಿಪ್ಪಿನಲ್ಲೂ ಅಮ್ಮ ಅದೇ ಸೀಟಿನಲ್ಲಿ ಕೂತಿದ್ದಳಂತೆ. ಮಲ್ಲಿಗೆ ಬುಟ್ಟಿಯಲ್ಲೇ ಅರಳಿ ಬಾಡಿತು.

ಮರುದಿನ ಕಾಪು ಪೇಟೆಯಲ್ಲಿ ಬಸ್ಸು ತುಂಬಿತ್ತು. ಕಾಲೇಜಿನ ಹುಡುಗಿಯರು, ಮೀನಿನ ಬುಟ್ಟಿಯ ಹೆಂಗಸರು, ಬ್ಯಾಂಕಿಗೆ ಹೋಗುವ ಒಬ್ಬರು. ಅಮ್ಮ ಬಾಗಿಲ ಹತ್ತಿರ ಕೆಳಗೆ ನಿಂತಿದ್ದಳು. ಅಪ್ಪ ಇಂಜಿನ್ ಚಾಲು ಮಾಡಿದ. ವಸಂತ ಹತ್ತಿ, ಬಾಗಿಲಲ್ಲಿ ನಿಂತು, ಎದುರಿನ ರಸ್ತೆಯನ್ನೇ ನೋಡಿದ. 'ರೈಟ್' ಎನ್ನಲಿಲ್ಲ. ಏನೂ ಹೇಳಲಿಲ್ಲ. ಅಪ್ಪ ಗೇರಿನ ಮೇಲೆ ಕೈ ಇಟ್ಟು ಕಾದ.

"ಎಂತ ವಸಂತ, ಇವತ್ತು ಮಾತಿಲ್ಲ?"

"ಇಲ್ಲ ಶೇಖರಣ್ಣ."

"ಗಂಟಲಿಗೆ ಎಂತ ಆಯ್ತು?"

"ಗಂಟಲು ಸರಿ ಉಂಟು."

ಅಪ್ಪ ಅವನ ಕಡೆ ತಿರುಗಲಿಲ್ಲ. ಎದುರಿನ ಗಾಜನ್ನು ನೋಡಿದ. ನಾನು ಅವನ ಹಿಂದಿನಿಂದ ಅದೇ ಗಾಜಿನಲ್ಲಿ ರಸ್ತೆಯನ್ನು ನೋಡಿದೆ: ನೇರ ರಸ್ತೆ, ಎಡಕ್ಕೆ ನಿಂತ ರಿಕ್ಷಾಗಳು, ಹಾಲಿನ ಕ್ಯಾನ್ ಹಿಡಿದು ದಾಟುತ್ತಿದ್ದ ಒಬ್ಬ ಮುದುಕ. ಅವನಿಗೆ ಅದರಲ್ಲಿ ಎಷ್ಟು ಕಂಡಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಿಂದಿನಿಂದ ಯಾರೋ ಕೂಗಿದರು, "ಹೋಯ್, ಟೈಮ್ ಆಯ್ತು! ದೇವರ ಪ್ರಸಾದಕ್ಕೆ ಕಾಯ್ತಾ ಇದ್ದೀರಾ?" ಜನ ನಕ್ಕರು. ಅಪ್ಪ ಗೇರಿನಿಂದ ಕೈ ತೆಗೆದ. ಕೀಲಿ ತಿರುಗಿಸಿದ. ಇಂಜಿನ್ ನಿಂತಿತು. ಅವನು ತನ್ನ ಬದಿಯ ಬಾಗಿಲು ತೆರೆದು, ಮೆಟ್ಟಿಲನ್ನು ಕಾಲಿನಿಂದ ತಡಕಿ ಹುಡುಕಿ, ಇಳಿದ. ಪಕ್ಕದ ಬಸ್ಸಿನವನೊಬ್ಬ ಬಂದು ಆ ಟ್ರಿಪ್ ಬಿಟ್ಟ. ನಾನು ಶಾಲೆಗೆ ಹೋದೆ. ಕಿಟಕಿಯಿಂದ ನೋಡಿದಾಗ ಅಪ್ಪ ಮತ್ತು ಅಮ್ಮ ಅಂಗಡಿಯ ಎದುರು, ನಡುವೆ ಒಬ್ಬರು ದಾಟುವಷ್ಟು ಜಾಗ ಬಿಟ್ಟು, ನಿಂತಿದ್ದರು. ಇಬ್ಬರೂ ಅಳುತ್ತಿರಲಿಲ್ಲ.

ಮಣಿಪಾಲದ ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವರು ಒಂದು ಕಾರ್ಡನ್ನು ಅಪ್ಪನ ಕೈಗೆ ಕೊಟ್ಟು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನು ನೋಡಲು ಹೇಳಿದರು. ಕಾರ್ಡಿನಲ್ಲಿ ಇದ್ದದ್ದು ಅಡ್ಡ ಉದ್ದದ ಗೆರೆಗಳು, ಚೌಕಗಳು.

"ಇದು ನಮ್ಮ ಟಿವಿ," ಎಂದ ಅಪ್ಪ.

ಡಾಕ್ಟರು ಅರ್ಥವಾಗದೆ ಅಮ್ಮನ ಕಡೆ ನೋಡಿದರು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಊದಿಕೊಂಡಿದೆ, ಎರಡೂ ಕಣ್ಣಿನಲ್ಲಿ, ಎಂದು ಅವರು ನಿಧಾನವಾಗಿ ವಿವರಿಸಿದರು. ಪರದೆಯೇ ಉಬ್ಬಿದರೆ ನೇರ ಗೆರೆಯೂ ಬಾಗಿ ಕಾಣುತ್ತದೆ. ನೀವು ಎಲ್ಲಿ ನೋಡುತ್ತೀರೋ ಅಲ್ಲಿಯೇ ಬಾಗುತ್ತದೆ.

"ಇದನ್ನು ಕೂಡಿಸುವುದು ಎಲ್ಲಿಂದ ಡಾಕ್ಟ್ರೇ?" ಎಂದು ಅಪ್ಪ ಕೇಳಿದ. "ಇದಕ್ಕೆ ರಿಮೋಟ್ ಇಲ್ವಾ?" ತಮಾಷೆಗೆ ಹೇಳಿದ್ದೆಂದು ಡಾಕ್ಟರು ನಕ್ಕರು. ಅವನು ತಮಾಷೆ ಮಾಡುತ್ತಿರಲಿಲ್ಲ. ಲೇಸರ್ ಹಾಕಬಹುದು, ಉಳಿದದ್ದನ್ನು ಉಳಿಸಬಹುದು, ಹೋದದ್ದು ಬರುವುದಿಲ್ಲ ಎಂದರು.

ಲೇಸರ್ ಆಯಿತು. ತಗ್ಗು ಇದ್ದ ಕಡೆ ಆಮೇಲೆ ಮಂಜು ಬಂತು, ಎರಡೂ ಕಣ್ಣಿನ ನಡುವೆ. ಅಂಚುಗಳಲ್ಲಿ ಮಾತ್ರ ಬೆಳಕು ಉಳಿಯಿತು. ನೋಡಬೇಕಾದದ್ದನ್ನು ನೇರ ನೋಡಬೇಡಿ, ಅದರ ಪಕ್ಕಕ್ಕೆ ನೋಡಿ, ಆಗ ಅದು ಓರೆಯಿಂದ ಕಾಣುತ್ತದೆ ಎಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ನಮ್ಮ ಟಿವಿಯ ಗೆರೆಗಳನ್ನು ಉಮೇಶ ಕೊನೆಯ ಸಲ ಕೂಡಿಸಿ ಹೋದ, ಅವು ಹಾಗೆಯೇ ಉಳಿದವು. ಆ ಪರದೆ ಎದುರು ನೇರ ಕೂತವರಿಗೆ ಮಾತ್ರ ಕಾಣುವುದಾದ್ದರಿಂದ ಅಪ್ಪ ಅಜ್ಜಿಯ ಪಕ್ಕ ನೇರ ಕೂರುತ್ತಿದ್ದ, ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿ. ಬಂದವರು ಅವನಿಗೆ ಕಾರ್ಯಕ್ರಮ ಹಿಡಿಸಲಿಲ್ಲ ಎಂದುಕೊಂಡು ಚಾನೆಲ್ ಬದಲಾಯಿಸಲು ಹೇಳುತ್ತಿದ್ದರು. ವಸಂತ ಬಂದ ದಿನ ಅಪ್ಪ ಹಾಗೆ ಮುಖ ತಿರುಗಿಸಿದ್ದನ್ನು ಕಂಡು ಅಂಗಳದಿಂದಲೇ ಹಿಂದಕ್ಕೆ ಹೋಗಲಿದ್ದ.

"ಸಿಟ್ಟಲ್ಲ ಮಾರಾಯ," ಎಂದಳು ಅಜ್ಜಿ. "ಬಾ, ಕೂತುಕೋ. ಅವ ನಿನ್ನನ್ನು ನೋಡ್ತಾ ಇದ್ದಾನೆ."

ಮನೆಯಲ್ಲಿ ಬೇರೆಯವರಿಗೆ ಇದು ಬೇಗ ಅಭ್ಯಾಸವಾಯಿತು. ನನಗೆ ಆಗಲಿಲ್ಲ. ಮುಂದಿನ ಜೂನಿನಲ್ಲಿ ನಾನು ಹೈಸ್ಕೂಲಿಗೆ ಸೇರಿದೆ. ಮೊದಲ ದಿನ ಹೊಸ ಯೂನಿಫಾರ್ಮ್ ಹಾಕಿಕೊಂಡು ಹೊರಟಾಗ ಅಪ್ಪ ಚಾವಡಿಯಿಂದ ಕರೆದ.

"ಶೈಲು, ಇಲ್ಲಿ ಬಾ. ಬೆಳಕಿಗೆ ನಿಲ್ಲು."

ಹೋಗಿ ಅವನ ಎದುರು ನಿಂತೆ. ಅವನು ಮೊದಲು ನನ್ನ ಮುಖದ ಕಡೆ ನೋಡಿದ; ಅಲ್ಲಿ ಏನೂ ಇಲ್ಲ ಎಂಬಂತೆ ಅವನ ಹುಬ್ಬು ಗಂಟಿಕ್ಕಿತು. ಆಮೇಲೆ ಮೆಲ್ಲಗೆ ನನ್ನಿಂದ ಮುಖ ತಿರುಗಿಸಿ, ಬಾಗಿಲಿನ ಆಚೆ, ಅಂಗಳದ ಕಡೆ ನೋಡಿದ. ನೋಡುತ್ತಲೇ ಇದ್ದ. ಅಲ್ಲಿ ಯಾರೋ ಬಂದಿರಬೇಕೆಂದು ನಾನೂ ತಿರುಗಿದೆ. ಒದ್ದೆ ಅಂಗಳ, ತಂತಿಯ ಮೇಲೆ ಅಮ್ಮನ ಸೀರೆ, ಬೇರೇನಿಲ್ಲ.

"ಅಲ್ಲಿ ಎಂತ ಉಂಟು ಅಪ್ಪ?"

"ಅಲ್ಲಿ ಎಂತ ಇಲ್ಲ. ನೀನು ಆ ಕಡೆ ತಿರುಗಬೇಡ. ನೀನು ತಿರುಗಿದರೆ ಮುಖ ಹೋಗ್ತದೆ."

ನಾನು ಅವನ ಕಡೆ ತಿರುಗಿ ನಿಂತೆ. ಪೇಟೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು, ಹೊರಡುವ ಹೊತ್ತಿನದು. ಅಡಿಗೆಮನೆಯಿಂದ ಅಮ್ಮ, "ಬಸ್ಸು ತಪ್ಪುತ್ತದೆ," ಎಂದು ಕೂಗಿದಳು. ಅಪ್ಪ ಅಂಗಳವನ್ನೇ ನೋಡುತ್ತಿದ್ದ. ನಾನು ಅಲ್ಲಾಡಲಿಲ್ಲ.